ಬಡಾವಣೆಯ ಮುಖ್ಯ ರಸ್ತೆಗೆ ಮತ್ತೆ ಜೀವ ಬರಬೇಕಾದರೆ ಯಾವ ನಿಯಮ ಕೇಳಬೇಕು? (ಕುವೆಂಪುನಗರ, ಮೈಸೂರು)

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದ ಒಂದು ಮುಖ್ಯ ರಸ್ತೆಯಲ್ಲಿ ನನ್ನದು ಸಣ್ಣ ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ರಸ್ತೆಯ ಹೆಸರು ಬರೆಯುವುದಿಲ್ಲ. ಅಕ್ಕಪಕ್ಕದವರ ವಿಷಯ ಬರುತ್ತದೆ, ಅವರ ಜೊತೆ ದಿನಾ ಬಾಳಬೇಕು.

ಬಡಾವಣೆಯ ಸಂಘದ ಸಭೆಯಲ್ಲಿ ಒಂದು ನಕ್ಷೆ ತೋರಿಸಿದರು. ನಮ್ಮ ರಸ್ತೆಯನ್ನು ಅಭಿವೃದ್ಧಿ ಮಾಡುವ ಯೋಚನೆ ಇದೆಯಂತೆ. ರಸ್ತೆ ಇನ್ನೂ ಅಗಲ ಆಗುತ್ತದೆ, ನಡುವೆ ಡಿವೈಡರ್ ಬರುತ್ತದೆ, ಅಲಂಕಾರದ ದೀಪದ ಕಂಬ ಬರುತ್ತದೆ. ಸಲಹೆ ಇದ್ದವರು ಬರೆದು ಕೊಡಿ ಎಂದರು. ಎದ್ದು ಮಾತಾಡಿದವರೆಲ್ಲ ಕೇಳಿದ್ದು ಒಂದೇ, ಪಾರ್ಕಿಂಗ್ ಎಲ್ಲಿ ಅಂತ. ನನ್ನ ಚಿಂತೆ ಬೇರೆ.

ಈ ರಸ್ತೆ ಸತ್ತಿಲ್ಲ. ಆದರೆ ಸೊರಗುತ್ತಿದೆ. ಮೊದಲು ಇಲ್ಲಿ ಹಿಟ್ಟಿನ ಗಿರಣಿ, ಟೈಲರ್, ಔಷಧಿ ಅಂಗಡಿ, ಹಾಲಿನ ಬೂತ್, ದರ್ಶಿನಿ ಎಲ್ಲ ಒಂದೇ ಸಾಲಿನಲ್ಲಿ ಇದ್ದವು. ಗಿರಣಿಗೆ ರಾಗಿ ಕೊಟ್ಟವರು ಅದು ಬೀಸಿ ಮುಗಿಯುವ ತನಕ ಇನ್ನೆರಡು ಕೆಲಸ ಮುಗಿಸಿಕೊಳ್ಳುತ್ತಿದ್ದರು. ಮಕ್ಕಳ ನೋಟ್‌ಬುಕ್ ಕೊಳ್ಳಲು ನನ್ನ ಅಂಗಡಿಗೆ ಬರುತ್ತಿದ್ದದ್ದು ಹಾಗೆಯೇ. ಈಗ ಗಿರಣಿ ಇಲ್ಲ. ಆ ಸೈಟೂ ಅದರ ಎರಡೂ ಪಕ್ಕದ ಸೈಟುಗಳೂ ಸೇರಿ ಒಂದು ದೊಡ್ಡ ಷೋರೂಂ ಆಗಿದೆ. ಉದ್ದಕ್ಕೂ ಗಾಜಿನ ಗೋಡೆ, ಬಾಗಿಲು ಒಂದೇ. ಮುಂದುಗಡೆ ಪೂರ್ತಿ ಕಾರು. ಇನ್ನೊಂದು ಕಟ್ಟಡದಲ್ಲಿ ನೆಲಮಟ್ಟವೆಲ್ಲ ಕಂಬ ಮತ್ತು ಪಾರ್ಕಿಂಗ್. ಅದರ ಮುಂದೆ ಸಂಜೆ ಏಳಕ್ಕೆ ಕತ್ತಲೆ. ಹೆಣ್ಣುಮಕ್ಕಳು ಅಲ್ಲಿಗೆ ಬಂದಾಗ ರಸ್ತೆ ದಾಟಿ ಆ ಕಡೆ ಹೋಗುತ್ತಾರೆ. ನನ್ನ ಕೌಂಟರಿನಿಂದ ದಿನಾ ನೋಡುತ್ತೇನೆ.

ಫುಟ್‌ಪಾತ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಫುಟ್‌ಪಾತ್ ಅಂದರೆ ಚರಂಡಿಯ ಮೇಲಿನ ಚಪ್ಪಡಿ. ನನ್ನ ಅಂಗಡಿ ಮುಂದೆ ಅದು ಮಟ್ಟಸವಾಗಿದೆ. ಪಕ್ಕದ ಕಟ್ಟಡದವರು ಮಳೆ ನೀರು ಒಳಗೆ ಬರಬಾರದು ಅಂತ ಪಾಯ ಏರಿಸಿದರು. ಕಾರು ಹತ್ತಬೇಕಲ್ಲ, ಅದಕ್ಕೆ ಚಪ್ಪಡಿಯ ಮೇಲೆಯೇ ಟಾರ್ ಅಂಚಿನವರೆಗೆ ಗ್ರಾನೈಟ್ ಇಳಿಜಾರು ಹಾಕಿಸಿದರು. ನುಣುಪು ಗ್ರಾನೈಟ್. ಮಳೆ ಬಿದ್ದರೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ. ಅದರಾಚೆ ಇನ್ನೊಬ್ಬರದು ಮೂರು ಮೆಟ್ಟಿಲು. ಅದರಾಚೆ ಟ್ರಾನ್ಸ್‌ಫಾರ್ಮರ್. ರೀಫಿಲ್ ಕೊಳ್ಳಲು ಬರುವ ನಿವೃತ್ತ ಮೇಡಂ ಒಬ್ಬರು ನನ್ನ ಅಂಗಡಿ ತನಕ ಚಪ್ಪಡಿ ಮೇಲೆ ಬಂದು, ಅಲ್ಲಿಂದ ಮುಂದೆ ಕೋಲು ಊರಿಕೊಂಡು ರಸ್ತೆಗೆ ಇಳಿಯುತ್ತಾರೆ. ಹಿಂದೆ ಸಿಟಿ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಹೀಗಿರುವಾಗ ಯಾರು ನಡೆದು ಬರುತ್ತಾರೆ? ನಡೆದು ಬರುವವರು ಇಲ್ಲದಿದ್ದರೆ ನನ್ನಂಥ ಅಂಗಡಿ ಯಾಕೆ ಇರಬೇಕು?

ಹೊಸ ದೀಪ, ಹೊಸ ಡಿವೈಡರ್ ಬಂದರೂ ಇದು ಹೀಗೇ ಇರುತ್ತದೆ ಅನ್ನುವುದು ನನ್ನ ಭಯ. ಕಟ್ಟಡ ಕಟ್ಟುವಾಗಲೇ ಏನೋ ಒಂದು ನಿಯಮ ಬೇಕು ಅನಿಸುತ್ತದೆ. ಅಂಥ ನಿಯಮ ಮಾಡುವವರು ಯಾರು? ನಾವು ಕೇಳಿದರೆ ಮಾಡುತ್ತಾರಾ? ಇನ್ನೊಂದು. ನನ್ನದೂ ಮನೆ ಸೈಟಿನಲ್ಲಿರುವ ಅಂಗಡಿಯೇ. ನಿಯಮ ಬಿಗಿ ಮಾಡಿ ಅಂತ ಅರ್ಜಿ ಕೊಟ್ಟರೆ ಮೊದಲು ನನಗೇ ನೋಟಿಸ್ ಬರುತ್ತದಾ? ತಿಳಿದವರು ದಯವಿಟ್ಟು ಹೇಳಿ.

ನಕ್ಷೆಪೆಟ್ಟಿಗೆ:

ನಗರ ಯೋಜನೆಯ ಕೆಲಸದಲ್ಲಿ ಬಹಳ ವರ್ಷ ಇದ್ದವನು, ಈಗ ನಿವೃತ್ತ. ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಸಭೆಗಳಲ್ಲಿ ಈ ಪ್ರಶ್ನೆ ಯಾರೂ ಎತ್ತುವುದಿಲ್ಲ.

ನಿಮಗೆ ತೋರಿಸಿದ್ದು ಕಾಮಗಾರಿ. ಟೆಂಡರ್ ಆಗುತ್ತದೆ, ಗುತ್ತಿಗೆದಾರರು ಬರುತ್ತಾರೆ, ಮುಗಿಸಿ ಹೋಗುತ್ತಾರೆ. ನೀವು ಕೇಳುತ್ತಿರುವುದು ನಿಯಮ. ಅದು ಇನ್ನೊಂದು ಕಡೆ ಹುಟ್ಟುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಂತ ಇದೆ. ಅದರ ಕೆಳಗೆ ಮಾಸ್ಟರ್ ಪ್ಲಾನ್, ಅದರ ಜೊತೆಗೆ ವಲಯ ನಿಯಮಾವಳಿ. ಮೈಸೂರು–ನಂಜನಗೂಡು ಯೋಜನಾ ಪ್ರದೇಶಕ್ಕೆ ಈಗ ಇರುವುದು 2031ರ ಮಾಸ್ಟರ್ ಪ್ಲಾನ್. 2016ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮಾಡಿದ್ದು ಮುಡಾ, ಅಂದರೆ ಈಗಿನ ಎಂಡಿಎ (ಮೈಸೂರು ಅಭಿವೃದ್ಧಿ ಪ್ರಾಧಿಕಾರ). ಯೋಜನಾ ಪ್ರಾಧಿಕಾರ ಅದೇ. ಕಟ್ಟಡದ ಪ್ಲಾನ್‌ಗೆ ಒಪ್ಪಿಗೆ, ಟ್ರೇಡ್ ಲೈಸೆನ್ಸ್, ಫುಟ್‌ಪಾತ್ ಇವು ಪಾಲಿಕೆಯದು. ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿಯದು. ಒಂದೇ ಅರ್ಜಿಯಲ್ಲಿ ಎಲ್ಲ ಬರೆದರೆ ಯಾರೂ ತಮ್ಮದು ಅನ್ನುವುದಿಲ್ಲ. ಬೇರೆ ಬೇರೆ ಬರೆಯಿರಿ.

ನಿಮ್ಮ ಭಯದ ವಿಷಯ ಮೊದಲು ಮುಗಿಸೋಣ. ಮಾಸ್ಟರ್ ಪ್ಲಾನ್ ಹಾಳೆಯಲ್ಲಿ ನಿಮ್ಮ ಸೈಟು ಯಾವ ಬಣ್ಣದಲ್ಲಿದೆ ನೋಡಿ. ಹಳದಿ ವಸತಿ, ನೀಲಿ ವಾಣಿಜ್ಯ. ನೀಲಿಯಲ್ಲಿದ್ದರೆ ನಿಶ್ಚಿಂತೆ. ಹಳದಿಯಲ್ಲಿದ್ದರೂ ಸಣ್ಣ ಅಂಗಡಿಗೆ ವಸತಿ ವಲಯದಲ್ಲಿ ಒಂದು ಮಿತಿಯೊಳಗೆ ಅವಕಾಶ ಇರುತ್ತದೆ. ಆ ಮಿತಿಯೊಳಗೆ ನಿಮ್ಮ ಅಂಗಡಿ ಬರುತ್ತದಾ ಅಂತ ಅರ್ಜಿ ಕೊಡುವ ಮುಂಚೆಯೇ ನೋಡಿಕೊಳ್ಳಿ. ಟ್ರೇಡ್ ಲೈಸೆನ್ಸ್, ಖಾತೆ, ಕಂದಾಯದ ರಸೀದಿ ಜೊತೆಗೆ ಇಟ್ಟುಕೊಳ್ಳಿ. ಹೊಸ ನಿಯಮ ಸಾಮಾನ್ಯವಾಗಿ ಹೊಸದಾಗಿ ಕಟ್ಟುವವರಿಗೆ.

ಈಗ ಮುಂದುಗಡೆಯ ಕಾರುಗಳು. ಅದು ಹೇಗಾಯಿತು ಅಂತ ಅರ್ಥ ಮಾಡಿಕೊಂಡರೆ ಏನು ಕೇಳಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ಕಟ್ಟುವವರಿಗೆ ನಾವು ಎರಡು ಮಾತು ಹೇಳುತ್ತೇವೆ. ಮುಂದೆ ಸೆಟ್‌ಬ್ಯಾಕ್, ಅಂದರೆ ಕಟ್ಟದೆ ಖಾಲಿ ಜಾಗ, ಬಿಡು. ಕಟ್ಟಡದ ವಿಸ್ತೀರ್ಣಕ್ಕೆ ತಕ್ಕ ಹಾಗೆ ಇಷ್ಟು ಕಾರಿಗೆ ಜಾಗ ತೋರಿಸು. ಅವರು ಎರಡನ್ನೂ ಒಂದೇ ಜಾಗದಲ್ಲಿ ಮುಗಿಸುತ್ತಾರೆ. ಮುಂದೆ 3 ಮೀಟರ್ ಬಿಟ್ಟಿದ್ದಾರೆ ಅಂದುಕೊಳ್ಳಿ. ಚಿಕ್ಕ ಕಾರು ಕೂಡ 4 ಮೀಟರ್ ಹತ್ತಿರ ಇರುತ್ತದೆ. ಮೂತಿ ಗೋಡೆಗೆ ತಾಗಿದರೂ ಬಾಲ ಒಂದು ಮೀಟರ್ ಫುಟ್‌ಪಾತ್ ಮೇಲೆ. ದೊಡ್ಡ ಕಾರಾದರೆ ಫುಟ್‌ಪಾತ್ ಪೂರ್ತಿ ಹೋಯಿತು. 30 ಅಡಿ ಅಗಲದ ಸೈಟಿನ ಮುಂದೆ ಮೂರು ಕಾರು ನಿಂತರೆ ಬಾಗಿಲೇ ಕಾಣುವುದಿಲ್ಲ. ಇಷ್ಟಕ್ಕೂ ಪ್ಲಾನ್ ಪ್ರಕಾರವೇ ಕಟ್ಟಿದ್ದು ಅನ್ನುತ್ತಾರೆ. ಎಷ್ಟೋ ಕಡೆ ಅದು ನಿಜವೂ ಹೌದು. ಅದಕ್ಕೇ ನಾನು ಹೇಳುವುದು, ಮಾಲೀಕರನ್ನು ಬೈದು ಪ್ರಯೋಜನವಿಲ್ಲ, ನಿಯಮವೇ ಬದಲಾಗಬೇಕು.

ಹಾಗಾಗಿ ಕೇಳಬೇಕಾದ ಮೊದಲ ಮಾತು ಇದು. ಈ ರಸ್ತೆಯಲ್ಲಿ ಮುಂದಿನ ಸೆಟ್‌ಬ್ಯಾಕ್ ಪಾರ್ಕಿಂಗ್ ಲೆಕ್ಕಕ್ಕೆ ಬರಬಾರದು. ಅದು ಫುಟ್‌ಪಾತಿನ ಮಟ್ಟದಲ್ಲೇ ಇರಬೇಕು, ಕಾಂಪೌಂಡ್ ಇರಬಾರದು. ಪಾಯ ಏರಿಸಿದರೆ ಇಳಿಜಾರು, ಮೆಟ್ಟಿಲು ಎಲ್ಲ ತಮ್ಮ ಸೈಟಿನೊಳಗೇ ಮುಗಿಯಬೇಕು. ಕಾರು ಹಿಂದೆ, ಇಲ್ಲ ಕೆಳಗೆ. ಸಣ್ಣ ಸೈಟಿನವರಿಗೆ ಅದು ಆಗುವ ಮಾತಲ್ಲ, ಅವರಿಗೆ ಆ ಶರತ್ತನ್ನೇ ಬಿಡಬೇಕು. ಬದಲಿಗೆ ಹತ್ತಿರದಲ್ಲಿ ಎಲ್ಲರಿಗೂ ಸೇರಿ ಒಂದು ಪಾರ್ಕಿಂಗ್ ಜಾಗ ಮಾಡಿ, ಅದಕ್ಕೆ ಶುಲ್ಕ ಕೊಡಲಿ. ಇದು ಬಹಳ ಮುಖ್ಯ. 30x40 ಸೈಟಿನಲ್ಲಿ ಪಾರ್ಕಿಂಗ್ ಲೆಕ್ಕ ಹೊಂದುವುದಿಲ್ಲ. ಹೊಂದಬೇಕಾದರೆ ಮೂರು ಸೈಟು ಸೇರಿಸಬೇಕು. ನಿಮ್ಮ ಗಿರಣಿ ಹೋಗಿದ್ದು ಬಹುಶಃ ಹಾಗೆ.

ಎರಡನೆಯದು ನೆಲಮಟ್ಟ. ರಸ್ತೆಗೆ ಮುಖ ಮಾಡಿದ ನೆಲಮಟ್ಟ ಪೂರ್ತಿ ಪಾರ್ಕಿಂಗ್ ಆಗಬಾರದು. ಸೈಟು ಸೇರಿಸಿ ಕಟ್ಟಿದರೂ ಇಂತಿಷ್ಟು ಅಡಿಗೊಂದು ಬಾಗಿಲು ಇರಲೇಬೇಕು, ವಾಹನ ಒಳಗೆ ಹೋಗಲು ಒಂದೇ ದಾರಿ ಇರಬೇಕು. ಹೀಗೆ ಬರೆದರೆ ಕತ್ತಲೆಯ ಸಮಸ್ಯೆ ಅರ್ಧ ಕರಗುತ್ತದೆ.

ಫುಟ್‌ಪಾತಿನ ಅಳತೆಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಅನ್ನುವ ಮಾರ್ಗಸೂಚಿ ಇದೆ, 2012ರದ್ದನ್ನು 2022ರಲ್ಲಿ ಪರಿಷ್ಕರಿಸಿದ್ದಾರೆ. ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್. ಅಂಗಡಿ ಬೀದಿಯಲ್ಲಿ ಇನ್ನೂ ಜಾಸ್ತಿ ಬೇಕು. ಅಂಚಿನ ಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು, ತಲೆಯ ಮೇಲೆ 2.2 ಮೀಟರ್ ಖಾಲಿ ಇರಬೇಕು. ಪಾಲಿಕೆಯ ಅರ್ಜಿಯಲ್ಲಿ ಈ ಸಂಖ್ಯೆಗಳನ್ನೇ ಹಾಕಿ. ಒಳ್ಳೆ ಫುಟ್‌ಪಾತ್ ಬೇಕು ಅಂತ ಸುಮ್ನೆ ಬರೆದರೆ ಎರಡು ಚಪ್ಪಡಿ ಬದಲಾಯಿಸಿ ಕೈ ತೊಳೆದುಕೊಳ್ಳುತ್ತಾರೆ.

ಇದೆಲ್ಲ ಹೊರಗಿನಿಂದ ತಂದ ಆಸೆ ಅಂತ ಯಾರಾದರೂ ಹೇಳಿದರೆ ಕೆ.ಆರ್. ವೃತ್ತಕ್ಕೆ ಕರೆದುಕೊಂಡು ಹೋಗಿ. ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ ಎರಡೂ ಎಷ್ಟೇ ಹಳೆಯದಾಗಿ ಸೊರಗಿರಲಿ, ಅವುಗಳ ನಕ್ಷೆ ನೋಡಿ. ಅಂಗಡಿ ಸಾಲಿನ ಮುಂದೆ ಕಂಬದ ಜಗಲಿ. ಮಳೆಯಲ್ಲೂ ಬಿಸಿಲಲ್ಲೂ ಗಿರಾಕಿ ಒಂದೇ ಮಟ್ಟದಲ್ಲಿ ಅಂಗಡಿಯಿಂದ ಅಂಗಡಿಗೆ ನಡೆಯಬಹುದು. ಪ್ಲೇಗ್ ಬಂದ ಮೇಲೆ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಾಡಿಕೊಂಡ ಊರು ಇದು. ಬಡಾವಣೆಯನ್ನು ಯೋಚಿಸಿ ಕಟ್ಟುವುದು ನಮಗೆ ಹೊಸದಲ್ಲ.

ದಾರಿ ಹೇಗೆ ಅಂದರೆ, ಕಾಯ್ದೆಯ 25ನೇ ಕಲಂ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಮಾಸ್ಟರ್ ಪ್ಲಾನ್ ಪರಿಷ್ಕರಣೆ ಆಗಬೇಕು. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ 60 ದಿನ ಕೊಡುತ್ತಾರೆ. ಅಲ್ಲಿಯ ತನಕ ಕಾಯಬೇಡಿ. ಕರಡು ಬರೆಯುವಾಗಲೇ ನಿಮ್ಮ ಕಾಗದ ಅವರ ಫೈಲಿನಲ್ಲಿ ಇರಲಿ. ನಡುವೆ ಯಾರಾದರೂ ಒಂದು ಸೈಟಿನ ಭೂ ಬಳಕೆ ಬದಲಾವಣೆಗೆ ಅರ್ಜಿ ಹಾಕಿದರೆ 14ಎ ಕಲಂ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಅದಕ್ಕೆ ಸಿಗುವುದು 15 ದಿನದಷ್ಟೇ. ಆ ಚಿಕ್ಕ ಅಕ್ಷರದ ಪ್ರಕಟಣೆಗಳನ್ನು ಓದುವ ಅಭ್ಯಾಸ ಸಂಘದಲ್ಲಿ ಒಬ್ಬರಿಗಾದರೂ ಇರಬೇಕು.

ರಿಂಗ್‌ರೋಡ್_ಸವಾರ:

ನನ್ನದು ವಿರುದ್ಧ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ನಾನು ದಟ್ಟಗಳ್ಳಿ ಕಡೆಯಿಂದ ದಿನಾ ಕುವೆಂಪುನಗರ ದಾಟಿ ಕೆಲಸಕ್ಕೆ ಹೋಗುವವನು. ಸಂಜೆ ಆ ರಸ್ತೆಗಳಲ್ಲಿ ಗಾಡಿ ಮುಂದೆ ಹೋಗುವುದೇ ಇಲ್ಲ. ಅಗಲ ಮಾಡದೆ ಬೇರೆ ದಾರಿ ಏನಿದೆ? ಊರು ಬೆಳೆದಿದೆ. ಹೂಟಗಳ್ಳಿ ನಗರಸಭೆ ಆಯಿತು, ಬೋಗಾದಿ, ಶ್ರೀರಾಂಪುರ ಪಟ್ಟಣ ಪಂಚಾಯ್ತಿ ಆದವು. ಅಲ್ಲಿಯ ಜನರೆಲ್ಲ ನಿಮ್ಮ ರಸ್ತೆ ಮೇಲೆಯೇ ಬರಬೇಕು. ಮುಂದುಗಡೆ ಪಾರ್ಕಿಂಗ್ ತೆಗೆದರೆ ಆ ಗಾಡಿಗಳು ರಸ್ತೆ ಮೇಲೆ ನಿಲ್ಲುತ್ತವೆ, ಇನ್ನೂ ಜಾಸ್ತಿ ಜಾಮ್ ಆಗುತ್ತದೆ.

ನಕ್ಷೆಪೆಟ್ಟಿಗೆ:

ನಿಮ್ಮ ಕಷ್ಟ ನಿಜ. ಆದರೆ ಒಂದು ವಿಷಯ ಗಮನಿಸಿ. ನಮ್ಮ ನಿಯಮಾವಳಿಯಲ್ಲಿ ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) ರಸ್ತೆಯ ಅಗಲದ ಮೇಲೆ ನಿಂತಿದೆ. ರಸ್ತೆ ಅಗಲವಾದಷ್ಟೂ ಜಾಸ್ತಿ ಮಹಡಿ ಕಟ್ಟಬಹುದು. ನಿಮಗಾಗಿ ಅಗಲ ಮಾಡಿದ ರಸ್ತೆಯ ಎರಡೂ ಬದಿ ಇನ್ನೂ ದೊಡ್ಡ ಕಟ್ಟಡ ಏಳುತ್ತವೆ, ಅವುಗಳ ಗಾಡಿಗಳು ಅದೇ ರಸ್ತೆಗೆ ಇಳಿಯುತ್ತವೆ. ಸಿಕ್ಕ ಅಗಲ ಹಾಗೆಯೇ ಕರಗಿ ಹೋಗುತ್ತದೆ. ಅಗಲ ಮಾಡಲೇಬೇಕಾದರೆ ಎಫ್‌ಎಆರ್ ಏರಬಾರದು ಅಂತ ಅದೇ ಆದೇಶದಲ್ಲಿ ಬರೆಸಬೇಕು. ಇನ್ನು ಅಡ್ಡಡ್ಡಲಾಗಿ ನಿಲ್ಲಿಸಿದ ಕಾರು ಹಿಂದಕ್ಕೆ ಬರುವಾಗ ಎರಡೂ ಕಡೆಯ ಗಾಡಿ ನಿಲ್ಲಬೇಕು. ಸಂಜೆ ನೀವು ಕಾಯುವುದರಲ್ಲಿ ಅದರದ್ದೂ ದೊಡ್ಡ ಪಾಲಿದೆ. ಮುಂದಿನ ಸಲ ಅದನ್ನೇ ನೋಡಿ.

ಹೊಂಗೆನೆರಳು:

ಸವಾರರೇ, ಬೇಜಾರೇನಿಲ್ಲ. ನನ್ನ ಅಂಗಡಿ ಮುಂದೆ ಹೋಗುವ ಗಾಡಿಗಳಲ್ಲಿ ನಿಲ್ಲುವವು ಬಹಳ ಕಡಿಮೆ. ರಸ್ತೆ ಅಗಲ ಆದಷ್ಟೂ ಅವು ಇನ್ನೂ ಜೋರಾಗಿ ಹೋಗುತ್ತವೆ, ಆ ಕಡೆಯ ಗಿರಾಕಿ ಈ ಕಡೆ ದಾಟುವುದಿಲ್ಲ. ನನ್ನ ವ್ಯಾಪಾರ ನಿಂತಿರುವುದು ಎದುರು ಕ್ರಾಸಿನ ಮನೆಗಳ ಮೇಲೆ. ನಡುವೆ ಡಿವೈಡರ್ ಬಂದರೆ ಅವರು ಸುತ್ತು ಹಾಕಿ ಬರುತ್ತಾರಾ? ನೀವೂ ಬೇಗ ಮನೆ ಸೇರಬೇಕು, ನಾನೂ ಬದುಕಬೇಕು. ಆದರೆ ಆ ನಕ್ಷೆಯಲ್ಲಿ ನಿಮ್ಮ ಪಾಲು ಮಾತ್ರ ಇತ್ತು, ದಾಟುವ ಒಂದು ಪಟ್ಟೆಯನ್ನೂ ನಾನು ಅದರಲ್ಲಿ ಕಾಣಲಿಲ್ಲ.

ನಕ್ಷೆಪೆಟ್ಟಿಗೆ ಸಾರ್, ಬಹಳ ಉಪಕಾರವಾಯಿತು. ಇನ್ನೊಂದು ಕೇಳಬೇಕು. ಬಸ್ ಸ್ಟಾಪ್ ಹತ್ತಿರ ಹೂವಿನವರು, ಸೊಪ್ಪಿನವರು ಕೂರುತ್ತಾರೆ. ಅಭಿವೃದ್ಧಿ ಅಂದ ಕೂಡಲೇ ಅವರನ್ನು ಎಬ್ಬಿಸುತ್ತಾರೆ. ನನಗೆ ಅವರು ಬೇಕು. ಸಂಜೆ ಅವರ ಬಲ್ಬು ಇರುವ ಕಡೆಯೇ ಜನ ಧೈರ್ಯವಾಗಿ ನಿಲ್ಲುತ್ತಾರೆ.

ತಳ್ಳುಗಾಡಿ:

ಬೀದಿ ವ್ಯಾಪಾರಿಗಳ ಪರವಾಗಿ ಕೆಲಸ ಮಾಡುತ್ತೇನೆ, ಹಾಗಾಗಿ ಇದಕ್ಕೆ ನಾನು ಉತ್ತರಿಸುತ್ತೇನೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಕೇಂದ್ರದ ಕಾಯ್ದೆ. ಸರ್ವೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ 40% ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಎಲ್ಲಿ ಕೂರಬಹುದು, ಎಲ್ಲಿ ಕೂರಬಾರದು ಅಂತ ಜಾಗ ಗುರುತಿಸುವುದು ಆ ಕಾಯ್ದೆಯ ಕೆಳಗೆ ಮಾಡುವ ಬೀದಿ ವ್ಯಾಪಾರ ಯೋಜನೆಯ ಭಾಗ. ನಿಮ್ಮ ರಸ್ತೆಯ ನಕ್ಷೆಯಲ್ಲೇ ಅವರ ಜಾಗ ಬರೆಸಿ. ಬಸ್ ಸ್ಟಾಪ್ ಪಕ್ಕ ಫುಟ್‌ಪಾತ್ ಸ್ವಲ್ಪ ಅಗಲ ಮಾಡಿ, ನಡೆಯುವ 1.8 ಮೀಟರ್ ಬಿಟ್ಟು ಆಚೆಗೆ ಅವರಿಗೆ ಒಂದು ಪಟ್ಟಿ. ನಕ್ಷೆಯಲ್ಲಿ ಇಲ್ಲದವರನ್ನು ಗುತ್ತಿಗೆದಾರರ ಲಾರಿ ಬಂದ ದಿನವೇ ಓಡಿಸುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದೂರದ_ಮೈಸೂರಿಗ:

ಸರಸ್ವತಿಪುರಂನಲ್ಲಿ ಬೆಳೆದವನು. ಈಗ ಮೆಲ್ಬರ್ನ್‌ನ ಹೊರವಲಯದ ಒಂದು ಕೌನ್ಸಿಲ್‌ನಲ್ಲಿ ನಗರ ಯೋಜನೆಯ ಕೆಲಸ. ಇಲ್ಲಿಯ ಪದ್ಧತಿಯಲ್ಲಿ ನಿಮಗೆ ಉಪಯೋಗಕ್ಕೆ ಬರಬಹುದಾದ ಒಂದು ಅಂಶ ಇದೆ.

ವಿಕ್ಟೋರಿಯಾ ರಾಜ್ಯದಲ್ಲಿ 1987ರ ಯೋಜನಾ ಕಾಯ್ದೆಯ ಕೆಳಗೆ ಪ್ರತಿ ಜಾಗಕ್ಕೂ ಒಂದು ವಲಯ ಇರುತ್ತದೆ. ಅಲ್ಲಿ ಏನು ನಡೆಸಬಹುದು ಅನ್ನುವುದನ್ನು ಅದು ಹೇಳುತ್ತದೆ. ಬೇಕಾದ ಕಡೆ ಅದರ ಮೇಲೆ ಓವರ್‌ಲೇ ಅಂತ ಇನ್ನೊಂದು ಪದರ ಹಾಕುತ್ತಾರೆ. ಹೇಗೆ ಕಟ್ಟಬೇಕು ಅನ್ನುವುದು ಅದರಲ್ಲಿ ಇರುತ್ತದೆ. ಒಂದು ಬಡಾವಣೆಯ ಅಂಗಡಿ ಬೀದಿಗೆ ಮಾತ್ರ ಅಂತ ಇಂಥ ಪದರ ಬರೆಯಬಹುದು. ಬೀದಿಗೆ ತಾಗಿದ ಗೋಡೆ ಎರಡೋ ಮೂರೋ ಮಹಡಿ ಇರಲಿ, ಅದಕ್ಕಿಂತ ಮೇಲಿನದು ಹಿಂದಕ್ಕೆ ಸರಿಯಲಿ, ಎದುರು ಫುಟ್‌ಪಾತಿಗೆ ಬಿಸಿಲು ಬೀಳಲಿ ಅಂತ ಬರೆಯುತ್ತಾರೆ. ನೆಲಮಟ್ಟದಲ್ಲಿ ಅಂಗಡಿಯ ಕಿಟಕಿ ಒಳಗೆ ಕಾಣುವ ಹಾಗಿರಲಿ, ಮುಂದೆ ಮಳೆಗೆ ಚಾವಣಿ ಇರಲಿ, ಕಾರಿನ ದಾರಿ ಪಕ್ಕದ ಓಣಿಯಿಂದ ಇರಲಿ ಅಂತಲೂ ಬರೆಯುತ್ತಾರೆ. ನಮ್ಮ ಊರಿಗೆ ಬಿಸಿಲಿನ ಬದಲು ನೆರಳು ಕೇಳಬೇಕು, ಅದೊಂದೇ ವ್ಯತ್ಯಾಸ.

ಹೀಗೆ ಯೋಜನೆ ತಿದ್ದುವ ಮುನ್ನ ಸಾಮಾನ್ಯವಾಗಿ ಕನಿಷ್ಠ ಒಂದು ತಿಂಗಳು ಜನರ ಮುಂದೆ ಇಡುತ್ತಾರೆ. ಕೌನ್ಸಿಲ್ ಒಪ್ಪದ ಆಕ್ಷೇಪಣೆಗಳು ಸ್ವತಂತ್ರ ಸಮಿತಿಯ ಮುಂದೆ ಹೋಗುತ್ತವೆ. ಅಂಗಡಿಯವರು ಅಲ್ಲಿಗೇ ಬಂದು ಮಾತಾಡಬಹುದು. ನಾನು ಬಹಳ ಮೆಚ್ಚುವುದು ಈ ಹಂತವನ್ನು. ಬರೆದು ಕೊಟ್ಟಿದ್ದಕ್ಕೆ ಒಂದು ಉತ್ತರ ಸಿಗುತ್ತದೆ.

ಆದರೆ ಒಂದು ಮಾತು. ನಿಯಮ ಬರೆದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ. ಇಲ್ಲಿ 1960ರಲ್ಲಿ ಚಾಡ್‌ಸ್ಟೋನ್ ಅನ್ನುವ ದೊಡ್ಡ ಮಾಲ್ ಶುರುವಾಯಿತು, ಆಮೇಲೆ ಅಂಥವು ಇನ್ನೂ ಬಂದವು. ಎಷ್ಟೋ ಹಳೆ ಅಂಗಡಿ ಬೀದಿಗಳು ಇವತ್ತಿಗೂ ಆ ಪೈಪೋಟಿಯಲ್ಲಿ ಏದುಸಿರು ಬಿಡುತ್ತಿವೆ. ಉಳಿದುಕೊಂಡ ಬೀದಿಗಳಲ್ಲಿ ನಾನು ಕಾಣುವುದು ದಿನಬಳಕೆಯ ಕೆಲಸಗಳು. ಲೈಬ್ರರಿ, ಕ್ಲಿನಿಕ್, ಅಂಚೆ, ರೈಲು ನಿಲ್ದಾಣ. ಹಾಗಾಗಿ ನಿಮ್ಮ ಅರ್ಜಿಯಲ್ಲಿ ಸರ್ಕಾರಿ ಸೇವೆಗಳು ಆ ರಸ್ತೆಯಲ್ಲೇ ಇರಲಿ ಅಂತಲೂ ಕೇಳಿ. ಬಿಲ್ ಕಟ್ಟುವ ಕೌಂಟರ್ ರಿಂಗ್ ರಸ್ತೆಯಾಚೆ ಹೋದರೆ ಅದರ ಜೊತೆ ಜನವೂ ಹೋಗುತ್ತಾರೆ.

ಪೇಟೆಬೀದಿ_ಮಂಡ್ಯ:

ಮಂಡ್ಯದಿಂದ ಬರೆಯುತ್ತಿದ್ದೇನೆ. ರಸ್ತೆ ಅಗಲದ ಮಾತು ಬಂದಿದ್ದಕ್ಕೆ ನಮ್ಮ ಅನುಭವ ಹೇಳಬೇಕು ಅನಿಸಿತು.

ಬೆಂಗಳೂರು–ಮೈಸೂರು ಹೆದ್ದಾರಿ ನಮ್ಮ ಊರಿನ ಹೊಟ್ಟೆಯೊಳಗೇ ಹಾದು ಹೋಗುತ್ತಿತ್ತು. ಮಹಾವೀರ ವೃತ್ತದಲ್ಲಿ, ಸಂಜಯ ವೃತ್ತದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವುದು ಅಂದರೆ ಜೀವ ಕೈಯಲ್ಲಿ ಹಿಡಿದುಕೊಳ್ಳುವುದು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೈಪಾಸ್ ಆದ ಮೇಲೆ ದೂರದ ಗಾಡಿಗಳೆಲ್ಲ ಊರ ಹೊರಗೆ ಹೋದವು. ಹಾದು ಹೋಗುವವರನ್ನೇ ನಂಬಿದ್ದ ಹೋಟೆಲುಗಳಿಗೆ ದೊಡ್ಡ ಪೆಟ್ಟು ಬಿತ್ತು. ಮದ್ದೂರಿನ ಹೋಟೆಲಿನವರು, ಚನ್ನಪಟ್ಟಣದ ಬೊಂಬೆ ಅಂಗಡಿಯವರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಆದರೆ ಆರ್‌.ಪಿ. ರಸ್ತೆ, ವಿ.ವಿ. ರಸ್ತೆಯ ಅಂಗಡಿಗಳಿಗೆ ಊರಿನವರೇ ಗಿರಾಕಿ, ಸುತ್ತಲ ಹಳ್ಳಿಯವರೇ ಗಿರಾಕಿ. ಅವರ ವ್ಯಾಪಾರ ಹೆದ್ದಾರಿಯ ಗಾಡಿಗಳ ಮೇಲೆ ನಿಂತಿರಲಿಲ್ಲ. ಮೈಸೂರಿನ ಅಕ್ಕ ಹೇಳಿದ್ದು ಅದನ್ನೇ ಅಲ್ವಾ? ಹಾದು ಹೋಗುವ ಗಾಡಿ ಬೇರೆ, ನಿಲ್ಲುವ ಗಿರಾಕಿ ಬೇರೆ.

ನಮ್ಮಲ್ಲಿ ಈಗ ಇರುವ ಕೊರಗು ಇನ್ನೊಂದು. ಹಳೆ ಹೆದ್ದಾರಿಯ ಅಷ್ಟು ಅಗಲ ನಮ್ಮ ಕೈಗೆ ಸಿಕ್ಕಿದೆ. ಅದನ್ನು ಊರಿನ ಬೀದಿಯಾಗಿ ಮಾಡಿಕೊಳ್ಳಬಹುದು. ಎರಡು ಸಾಲು ಮರ, ಅಗಲವಾದ ಫುಟ್‌ಪಾತ್, ಶಾಲೆ ಮಕ್ಕಳ ಸೈಕಲ್ಲಿಗೆ ಜಾಗ. ಆದರೆ ಎರಡೂ ಬದಿಯ ಕಟ್ಟಡಗಳು ಹೆದ್ದಾರಿಯ ಕಾಲದಲ್ಲಿ ಎದ್ದವು. ಮುಂದೆ ಲಾರಿ ನಿಲ್ಲುವಷ್ಟು ಖಾಲಿ, ಅದರ ಹಿಂದೆ ಶಟರ್. ಹೊಸದಾಗಿ ಕಟ್ಟುವವರೂ ಅದನ್ನೇ ನೋಡಿ ಹಾಗೆಯೇ ಕಟ್ಟುತ್ತಾರೆ. ರಸ್ತೆಯ ಕೆಲಸ ಬದಲಾಯಿತು, ಅದರ ಪಕ್ಕದ ಕಟ್ಟಡದ ನಿಯಮ ಬದಲಾಗಲಿಲ್ಲ. ಇದನ್ನು ನಮ್ಮ ಪ್ರಾಧಿಕಾರಕ್ಕೆ ಬರೆದು ಕೊಡುವವರು ಇನ್ನೂ ಹುಟ್ಟಿಲ್ಲ ಅಂದುಕೊಂಡಿದ್ದೆ. ಈ ಮಾತುಕತೆ ಓದಿದ ಮೇಲೆ ನಾನೇ ಬರೆಯುತ್ತೇನೆ. ನಕ್ಷೆಪೆಟ್ಟಿಗೆಯವರ ಸೆಟ್‌ಬ್ಯಾಕ್ ಲೆಕ್ಕವನ್ನು ಹಾಗೆಯೇ ಉಪಯೋಗಿಸಿಕೊಳ್ಳುತ್ತೇನೆ, ಅಪ್ಪಣೆ ಇದೆ ಅಂದುಕೊಂಡಿದ್ದೇನೆ.

ನಕ್ಷೆಪೆಟ್ಟಿಗೆ:

ಖಂಡಿತ ಉಪಯೋಗಿಸಿ. ಒಂದು ಸೇರಿಸಿ. ಬೋರ್ಡು. 2024ರಿಂದ ನಾಮಫಲಕದಲ್ಲಿ 60% ಕನ್ನಡ ಇರಬೇಕು ಅನ್ನುವುದು ಕಾನೂನು. ಹೇಗೂ ಎಲ್ಲರೂ ಬೋರ್ಡು ಬದಲಾಯಿಸುವಾಗ ಅದರ ಎತ್ತರ, ಚಾಚು ಎಷ್ಟಿರಬೇಕು ಅಂತಲೂ ಪಾಲಿಕೆಯೋ ನಗರಸಭೆಯೋ ಹೇಳಿಬಿಡಲಿ. ಮೊದಲ ಮಹಡಿಯ ಕಿಟಕಿ ಮುಚ್ಚುವ ಬೋರ್ಡು ಬಂದರೆ ಅಲ್ಲಿ ಯಾರೂ ವಾಸ ಇರುವುದಿಲ್ಲ. ಮೇಲೆ ಮನೆ ಉಳಿದರೆ ಮಾತ್ರ ರಾತ್ರಿ ಬೀದಿಗೆ ಒಂದು ಕಣ್ಣು ಇರುತ್ತದೆ. ಮೂಲ ಪ್ರಶ್ನೆ ಕೇಳಿದವರ ಹಾಗೆ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಕ್ಕೆ ಕಂದಾಯದಲ್ಲಿ ರಿಯಾಯಿತಿ ಕೊಡಿ ಅಂತ ನಾನು ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಹೊಂಗೆನೆರಳು:

ಎಲ್ಲರಿಗೂ ಮನಸ್ಸು ತುಂಬಿ ನಮಸ್ಕಾರ. ಮಾಸ್ಟರ್ ಪ್ಲಾನ್ ಹಾಳೆ ನೋಡಿದೆ. ನಮ್ಮ ಸಾಲು ನೀಲಿಯಲ್ಲೇ ಇದೆ, ಹಿಂದಿನ ಕ್ರಾಸು ಹಳದಿ. ಅರ್ಧ ಭಾರ ಇಳಿಯಿತು.

ಎರಡು ಕಾಗದ ಬರೆದಿದ್ದೇನೆ. ಯೋಜನಾ ಪ್ರಾಧಿಕಾರಕ್ಕೆ ಬರೆದದ್ದರಲ್ಲಿ ಮುಂದಿನ ಸೆಟ್‌ಬ್ಯಾಕ್ ನಡೆಯುವವರಿಗೆ ಬಿಡಬೇಕು, ಪಾರ್ಕಿಂಗ್ ಲೆಕ್ಕಕ್ಕೆ ಸೇರಿಸಬಾರದು, ಸಣ್ಣ ಸೈಟಿಗೆ ಕಾರಿನ ಶರತ್ತು ಬೇಡ, ನೆಲಮಟ್ಟದಲ್ಲಿ ಬಾಗಿಲು ಇರಲೇಬೇಕು, ರಸ್ತೆ ಅಗಲವಾದರೂ ಎಫ್‌ಎಆರ್ ಏರಬಾರದು ಅಂತ ಇದೆ. ಪರಿಷ್ಕರಣೆಯ ಕರಡಿನಲ್ಲಿ ನಮ್ಮ ರಸ್ತೆಗೆ ಬೇರೆಯೇ ಒಂದು ಷರಾ ಬರೆಯಿರಿ ಅಂತ ಕೇಳಿದ್ದೇನೆ. ಪಾಲಿಕೆಯ ಕಾಗದದಲ್ಲಿ ಡಿವೈಡರಿಗೆ ಮುಂಚೆ ಫುಟ್‌ಪಾತ್, ಪ್ರತಿ ಕ್ರಾಸಿನಲ್ಲೂ ದಾಟುವ ಪಟ್ಟೆ, ಬಸ್ ಸ್ಟಾಪ್ ಪಕ್ಕ ಹೂವಿನವರಿಗೆ ಗುರುತಿಸಿದ ಜಾಗ. ಹೊಂಗೆ ಮರಗಳ ವಿಷಯವೂ ಬರೆದೆ. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು ಅನ್ನುವುದು 1976ರ ಕಾಯ್ದೆಯಲ್ಲೇ ಇದೆ. ಆದರೆ ನಕ್ಷೆಯಲ್ಲಿ ಮರಗಳನ್ನೇ ತೋರಿಸಿರಲಿಲ್ಲ. ಬುಡ ಸಮೇತ ಗುರುತಿಸಿ ಕೊಡಿ ಅಂತ ಕೇಳಿದ್ದೇನೆ.

ಇಬ್ಬರು ಅಂಗಡಿಯವರು ಸಹಿ ಹಾಕಲು ಒಪ್ಪಿದ್ದಾರೆ. ಗ್ರಾನೈಟ್ ಇಳಿಜಾರು ಹಾಕಿಸಿದ ಪಕ್ಕದವರ ಹತ್ತಿರವೂ ಹೋಗಿ ಮಾತಾಡಿದೆ. ಹೊಸ ಚರಂಡಿ ಮಾಡುವಾಗ ಮಟ್ಟ ಸರಿಮಾಡಿ ಕೊಟ್ಟರೆ, ಮಳೆ ನೀರು ಒಳಗೆ ಬರದಿದ್ದರೆ, ಒಡೆಸುತ್ತೇನೆ ಎಂದರು. ಅವರ ಕಷ್ಟವೂ ಅಷ್ಟೇ ಇತ್ತು. ಅದನ್ನೂ ಪಾಲಿಕೆಯ ಕಾಗದದಲ್ಲಿ ಸೇರಿಸಿದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ, ಗಾಡಿ ಜಾಸ್ತಿ ಆಗುವ ಮುಂಚೆ, ರಸ್ತೆಯ ಎರಡೂ ಬದಿಯ ಫುಟ್‌ಪಾತ್ ಅಳೆದು ಹಾಳೆಯಲ್ಲಿ ಬರೆಯಬೇಕು ಅಂತಿದ್ದೇವೆ. ಟೇಪ್ ನನ್ನ ಅಂಗಡಿಯಲ್ಲೇ ಇದೆ. ಮೈಸೂರಿನಲ್ಲಿ ಇರುವವರು ಇನ್ನಿಬ್ಬರು ಬಂದರೆ ಬೇಗ ಮುಗಿಯುತ್ತದೆ. ರಿಂಗ್‌ರೋಡ್ ಸವಾರರೇ, ನೀವೂ ಬನ್ನಿ. ಕಾಫಿ ನಮ್ಮ ಮನೆಯದು.

ರಿಂಗ್‌ರೋಡ್_ಸವಾರ:

ಬರುತ್ತೇನೆ. ಹಿಂದಕ್ಕೆ ಬರುವ ಕಾರುಗಳನ್ನು ಈ ವಾರ ಗಮನಿಸಿದೆ, ಆ ಮಾತು ಸರಿ ಇದೆ. ರಸ್ತೆ ಅಗಲದ ವಿಷಯದಲ್ಲಿ ಇನ್ನೂ ಒಪ್ಪಿಲ್ಲ, ಅಳೆಯುವಾಗ ಮಾತಾಡೋಣ. ಯಾವ ಕ್ರಾಸಿನ ಹತ್ತಿರ ಬರಬೇಕು, ಮೆಸೇಜ್ ಹಾಕಿ.